ಪಾರ್ಕಿನ್ಸನ್ ಇರುವ ಹಿರಿಯರಿಗೆ ಸೊಂಟದ ಕೀಲು ಬದಲಾವಣೆ: ಮನೆಯವರಿಗೆ ಸಮಗ್ರ ಮಾರ್ಗದರ್ಶಿ

"ಆಪರೇಷನ್ ಚೆನ್ನಾಗಾಯ್ತು, ಆದ್ರೆ ಅಪ್ಪ ಎದ್ದು ನಿಲ್ತಾನೇ ಇಲ್ಲ." ಪಾರ್ಕಿನ್ಸನ್ ಇರುವವರ ಮನೆಗಳಿಂದ ನಾನು ಮತ್ತೆ ಮತ್ತೆ ಕೇಳುವ ಮಾತು ಇದು. ಇನ್ನೊಂದು: "ಮನೆಗೆ ಬಂದ ಎರಡೇ ವಾರಕ್ಕೆ ಕೀಲು ಜಾರಿಬಿಡ್ತು." ಮೊದಲನೆಯದರ ಹಿಂದೆ ಹೋಗಿ ವಿಚಾರಿಸಿದರೆ ಬಹಳ ಸಲ ತಪ್ಪಿದ ಮಾತ್ರೆ ಸಿಗುತ್ತದೆ. ಎರಡನೆಯದರ ಹಿಂದೆ ತಗ್ಗಿನ ಕಮೋಡೋ ಮೆತ್ತನೆಯ ಸೋಫಾನೋ ಸಿಗುತ್ತದೆ. ಈ ಎರಡನ್ನೂ ನೋಡಿಕೊಳ್ಳಬೇಕಾದವರು ನಾವು, ಮನೆಯವರು.

ನಾನು ಡಾಕ್ಟರ್ ಅಲ್ಲ. ಪಾರ್ಕಿನ್ಸನ್ ಇದ್ದ ಅಮ್ಮನಿಗೆ ಸೊಂಟದ ಆಪರೇಷನ್ ಮಾಡಿಸಿ, ನೋಡಿಕೊಂಡು, ತಪ್ಪು ಮಾಡಿ ಕಲಿತವಳು. ಡೋಸ್ ಏರಿಸುವುದು, ಇಳಿಸುವುದು, ನಿಲ್ಲಿಸುವುದು ಡಾಕ್ಟರ ತೀರ್ಮಾನ. ಯಾವ ಪ್ರಶ್ನೆಯನ್ನು ಯಾವಾಗ ಕೇಳಬೇಕು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ. ಪೋಲಿಯೊ, ಪಾರ್ಶ್ವವಾಯು, ಮಯಸ್ತೇನಿಯಾ (ಸ್ನಾಯು ಬೇಗ ಸೋಲುವ ಕಾಯಿಲೆ) ಇರುವವರ ಮಾತು ಹಂತ 8ರಲ್ಲಿದೆ.

## ಹಂತ 1: ಮುರಿದದ್ದೋ, ಸವೆದದ್ದೋ?

ಬಿದ್ದು ತೊಡೆಮೂಳೆಯ ಕತ್ತು ಮುರಿದಿದ್ದರೆ ನಿಮ್ಮ ಕೈಯಲ್ಲಿ ಟೈಮ್ ಇಲ್ಲ. 24ರಿಂದ 48 ಗಂಟೆಯೊಳಗೆ ಆಪರೇಷನ್ ಆಗುವುದು ಒಳ್ಳೆಯದು. ಮಲಗಿಸಿಟ್ಟಷ್ಟೂ ನ್ಯುಮೋನಿಯಾ, ಹಾಸಿಗೆ ಹುಣ್ಣು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ. ಅಮಾವಾಸ್ಯೆ ಕಳೆಯಲಿ, ದೊಡ್ಡ ಮಗ ಬರಲಿ ಎಂದು ಕಾಯಬೇಡಿ. ಹಂತ 3ರಲ್ಲಿ ಹೇಳಿರುವ ಮಾತ್ರೆ ಚೀಟಿಯನ್ನು ಆಂಬ್ಯುಲೆನ್ಸ್‌ನಲ್ಲೇ ಬರೆಯಿರಿ.

ಸವೆತದ ನೋವಾದರೆ ವಾರಗಳ ಸಮಯ ಇರುತ್ತದೆ. ಆಗ ಮೊದಲು ಒಂದು ಅನುಮಾನ ಬಗೆಹರಿಸಿಕೊಳ್ಳಿ: ನೋವು ನಿಜವಾಗಿಯೂ ಸೊಂಟದ ಕೀಲಿನದೇನಾ? ಕೀಲಿನ ನೋವು ಸಾಮಾನ್ಯವಾಗಿ ತೊಡೆಸಂದಿಯಲ್ಲಿ, ತೊಡೆಯ ಮುಂಭಾಗದಲ್ಲಿ ಕಾಣಿಸುತ್ತದೆ. ಪೃಷ್ಠದಿಂದ ಹೊರಟು ಮಂಡಿಯ ಕೆಳಗೂ ಇಳಿಯುವ ನೋವು ಬೆನ್ನಿನ ನರದ್ದಿರಬಹುದು. ಪಾರ್ಕಿನ್ಸನ್‌ನ ಬಿಗಿತವೂ ನೋಯುತ್ತದೆ, ಅದು ಮಾತ್ರೆಯ ಪ್ರಭಾವ ಇಳಿದಾಗ ಜಾಸ್ತಿ, ಏರಿದಾಗ ಕಮ್ಮಿ. ಒಂದು ವಾರ ನೋವಿನ ಹೊತ್ತು ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಕೀಲು ಬದಲಿಸಿದರೆ ಕೀಲಿನ ನೋವು ಹೋಗುತ್ತದೆ. ನಡುಕ, ಬಿಗಿತ, ನಿಧಾನ ಹಾಗೇ ಇರುತ್ತವೆ.

## ಹಂತ 2: ಇಬ್ಬರು ಡಾಕ್ಟರು, ಐದು ಪ್ರಶ್ನೆ

ಮೂಳೆ ಡಾಕ್ಟರು ಒಂದು ಕಡೆ, ನರರೋಗದ ಡಾಕ್ಟರು ಇನ್ನೊಂದು ಕಡೆ. ನಮ್ಮಲ್ಲಿ ಇದೇ ಮಾಮೂಲು. ನಿಮ್ಹಾನ್ಸ್‌ನಲ್ಲಿ ತೋರಿಸುತ್ತಿದ್ದರೂ ಸೊಂಟದ ಆಪರೇಷನ್ ಬೇರೆ ಆಸ್ಪತ್ರೆಯಲ್ಲಿ ಆಗುತ್ತದೆ. ಇವರಿಬ್ಬರ ನಡುವಿನ ಟಪಾಲು ನೀವೇ. ನರರೋಗದ ಡಾಕ್ಟರಿಂದ ಈಗಿನ ಮಾತ್ರೆ, ಹೊತ್ತು, ಕೊಡಬಾರದ ಔಷಧ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಆಮೇಲೆ ಸರ್ಜನ್ ಮುಂದೆ ಈ ಪ್ರಶ್ನೆ ಇಡಿ.

ಕೀಲು ಜಾರದಂತೆ ಏನು ಮಾಡುತ್ತೀರಿ? ಸೊಂಟದ ಕೀಲು ಎಂದರೆ ಬಟ್ಟಲಿನೊಳಗೆ ತಿರುಗುವ ಚೆಂಡು. ಪಾರ್ಕಿನ್ಸನ್‌ನಲ್ಲಿ ಸ್ನಾಯು ಬಿಗಿ, ಸಮತೋಲನ ಕಮ್ಮಿ, ಬೀಳುವುದು ಜಾಸ್ತಿ. ಹಾಗಾಗಿ ಹೊಸ ಚೆಂಡು ಬಟ್ಟಲಿನಿಂದ ಹೊರಗೆ ಜಾರುವ ಅಪಾಯ ಉಳಿದವರಿಗಿಂತ ಹೆಚ್ಚು. ಇಂಥವರಿಗೆ 'ಡ್ಯುಯಲ್ ಮೊಬಿಲಿಟಿ' ಎಂಬ ಬಟ್ಟಲನ್ನು ಅನೇಕ ಸರ್ಜನ್‌ಗಳು ಯೋಚಿಸುತ್ತಾರೆ. ಸಣ್ಣ ಚೆಂಡು ದೊಡ್ಡ ಪ್ಲಾಸ್ಟಿಕ್ ಚೆಂಡಿನೊಳಗೆ ತಿರುಗುತ್ತದೆ, ಆ ದೊಡ್ಡ ಚೆಂಡು ಲೋಹದ ಬಟ್ಟಲಿನೊಳಗೆ ತಿರುಗುತ್ತದೆ. 1970ರ ದಶಕದಲ್ಲಿ ಫ್ರಾನ್ಸಿನಲ್ಲಿ ಬಂದ ಉಪಾಯ. ಬೆಲೆ ಸ್ವಲ್ಪ ಜಾಸ್ತಿ. ನಿಮ್ಮವರಿಗೆ ಬೇಕೋ ಬೇಡವೋ ಸರ್ಜನ್ ಹೇಳಲಿ, ಆದರೆ ನೀವು ಕೇಳಿ.

ಅರ್ಧವೋ, ಪೂರ್ತಿಯೋ? ಯಾವ ಕಡೆಯಿಂದ? ಮೂಳೆ ಮುರಿದಾಗ ಬರೀ ಚೆಂಡನ್ನು ಬದಲಿಸುವುದೂ ಉಂಟು, ಬಟ್ಟಲನ್ನೂ ಸೇರಿಸುವುದೂ ಉಂಟು. ಹಿಂದಿನಿಂದ ಕೊಯ್ದರೆ ಒಂದು ಪಥ್ಯ (ಊಟದ್ದಲ್ಲ, ಹೇಗೆ ಕೂರಬಾರದು, ಬಗ್ಗಬಾರದು ಎಂಬುದು), ಮುಂದಿನಿಂದ ಅಥವಾ ಪಕ್ಕದಿಂದ ಕೊಯ್ದರೆ ಇನ್ನೊಂದು. ಉತ್ತರವನ್ನು ಬರೆದಿಟ್ಟುಕೊಳ್ಳಿ. ಮನೆಗೆ ಬರುವ ಫಿಸಿಯೊ ಮೊದಲು ಕೇಳುವುದೇ ಇದನ್ನು.

ತೊಡೆಯ ಒಳಸ್ನಾಯು ಬಿಗಿದಿದೆಯೇ? ಮಲಗಿದಾಗ ಎರಡು ಕಾಲೂ ಕತ್ತರಿಯ ಹಾಗೆ ಹತ್ತಿರ ಬರುತ್ತಿದ್ದರೆ, ಡೈಪರ್ ಹಾಕಲು ಕಾಲು ಅಗಲಿಸುವುದೇ ಕಷ್ಟವಾಗಿದ್ದರೆ ಬಾಯಿಬಿಟ್ಟು ಹೇಳಿ. ಆ ಬಿಗಿತವನ್ನು ಹಾಗೇ ಬಿಟ್ಟರೆ ಹೊಸ ಕೀಲನ್ನು ಅದೇ ಹೊರಗೆ ಎಳೆಯುತ್ತದೆ.

ಅರಿವಳಿಕೆ ಯಾವುದು? ಆದ ಕಡೆ ಬೆನ್ನಿಗೆ ಕೊಡುವ ಸ್ಪೈನಲ್ ಅನ್ನು ಹಲವರು ಇಷ್ಟಪಡುತ್ತಾರೆ. ನುಂಗಲು ಕಷ್ಟ, ಊಟದಲ್ಲಿ ಕೆಮ್ಮು, ರಾತ್ರಿ ಜೊಲ್ಲು ಇದ್ದರೆ ಅನಸ್ತೇಶಿಯಾ ಡಾಕ್ಟರಿಗೆ ನೀವೇ ಹೇಳಿ. ಅವರು ನೋಡಿದಾಗ ರೋಗಿ ಊಟ ಮಾಡುತ್ತಿರುವುದಿಲ್ಲ, ಅಲ್ವಾ?

ಮಿದುಳಿನ ಯಂತ್ರ ಇದೆಯೇ? ಡಿಬಿಎಸ್ (ಮಿದುಳಿಗೆ ಸಣ್ಣ ಕರೆಂಟ್ ಕೊಟ್ಟು ನಡುಕ, ಬಿಗಿತ ತಗ್ಗಿಸುವ ಯಂತ್ರ) ಹಾಕಿಸಿಕೊಂಡಿದ್ದರೆ ಸರ್ಜನ್, ಅನಸ್ತೇಶಿಯಾ, ಫಿಸಿಯೊ ಮೂವರಿಗೂ ಗೊತ್ತಿರಬೇಕು. ಥಿಯೇಟರಿನ ಕರೆಂಟ್ ಚಾಕುವನ್ನು ಬಳಸುವ ಬಗೆಯೇ ಬೇರೆಯಾಗುತ್ತದೆ. ಯಂತ್ರದ ರಿಮೋಟನ್ನೂ ಕಾರ್ಡನ್ನೂ ಜೊತೆಗೆ ಒಯ್ಯಿರಿ.

ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು ಇದೆ. ತುರ್ತಲ್ಲದ ಆಪರೇಷನ್‌ಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಕೈಯಲ್ಲಿರಲಿ.

## ಹಂತ 3: ಮಾತ್ರೆ ಚೀಟಿ

ಇಡೀ ಕೆಲಸದಲ್ಲಿ ಅತಿ ಮುಖ್ಯ ಹಂತ ಇದು. ಎಲ್ಲರೂ ಅಸಡ್ಡೆ ಮಾಡುವುದೂ ಇದನ್ನೇ.

ಪಾರ್ಕಿನ್ಸನ್‌ನ ಮುಖ್ಯ ಮಾತ್ರೆ ಲೆವೊಡೋಪಾ. ಅದು ಬಿಪಿ ಮಾತ್ರೆಯ ಹಾಗಲ್ಲ, ಹೊತ್ತಿಗೆ ಸರಿಯಾಗಿ ಬೀಳಬೇಕು. ನಮ್ಮಮ್ಮನ ಹೊತ್ತು ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ವಾರ್ಡಿನಲ್ಲಿ ಮಾತ್ರೆ ಹಂಚುತ್ತಿದ್ದದ್ದು ಬೆಳಿಗ್ಗೆ 8, ಮಧ್ಯಾಹ್ನ 2, ರಾತ್ರಿ 8. ಐದು ಸಲದ್ದು ಮೂರು ಸಲ ಆದಾಗ ಏನಾಯಿತು? ಎರಡನೆಯ ದಿನ 11 ಗಂಟೆಗೆ ಫಿಸಿಯೊ ಬಂದರೆ ಅಮ್ಮ ಮರದ ಕೊರಡಿನ ಹಾಗೆ ಮಲಗಿದ್ದಳು. "ಸಹಕರಿಸುತ್ತಿಲ್ಲ" ಎಂದು ಫೈಲಿನಲ್ಲಿ ಬರೆದು ಅವರು ಹೋದರು.

ಮಾಡಬೇಕಾದ್ದು ಇಷ್ಟು. ಎ4 ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಮಾತ್ರೆಯ ಹೆಸರು, ಶಕ್ತಿ, ಹೊತ್ತು ಬರೆಯಿರಿ. ಸಿಂಡೋಪಾ (ಲೆವೊಡೋಪಾದ ಒಂದು ಬ್ರಾಂಡ್) ಎಂದಷ್ಟೇ ಬರೆದರೆ ಸಾಲದು, 110 ಇದೆ, 125 ಇದೆ, ನಿಧಾನವಾಗಿ ಕರಗುವ ಸಿಆರ್ ಬೇರೆ ಇದೆ. ಸಿಆರ್ ಮಾತ್ರೆಯನ್ನು ಪುಡಿ ಮಾಡಬಾರದು ಎಂದೂ ಬರೆಯಿರಿ. ಮೂರು ಪ್ರತಿ: ಒಂದು ಫೈಲಿಗೆ, ಒಂದು ಮಂಚದ ತಲೆಯ ಕಡೆಗೆ, ಒಂದು ನಿಮ್ಮ ಚೀಲಕ್ಕೆ. ಮೊಬೈಲಿನಲ್ಲಿ ಅಲಾರಂ ಇಡಿ. ಹದಿನೈದು ದಿನದ ಮಾತ್ರೆ ಮನೆಯಿಂದಲೇ ಒಯ್ಯಿರಿ. ಆಸ್ಪತ್ರೆಯ ಫಾರ್ಮಸಿಯಲ್ಲಿ ರಾತ್ರಿ ಹತ್ತಕ್ಕೆ ಇದು ಸಿಗುತ್ತದೆ ಎಂದು ನಂಬಬೇಡಿ. ಸ್ವಂತ ಮಾತ್ರೆ ಕೊಡಲು ವಾರ್ಡ್ ಡಾಕ್ಟರಿಂದ ಫೈಲಿನಲ್ಲಿ ಒಪ್ಪಿಗೆ ಬರೆಸಿ, ಕೊಟ್ಟಾಗಲೆಲ್ಲ ಸಿಸ್ಟರ್‌ಗೆ ಹೇಳಿ.

ಅದೇ ಹಾಳೆಯ ಕೆಳಗೆ ಕೆಂಪು ಪೆನ್ನಿನಲ್ಲಿ ಕೊಡಬಾರದ ಔಷಧ ಬರೆಯಿರಿ. ವಾಂತಿಗೆ ಮೆಟೊಕ್ಲೊಪ್ರಮೈಡ್ (ಪೆರಿನಾರ್ಮ್), ಪ್ರೋಕ್ಲೋರ್‌ಪೆರಜಿನ್ (ಸ್ಟೆಮೆಟಿಲ್) ಬೇಡ. ಗಲಾಟೆ ಮಾಡಿದರೆ ಶಾಂತ ಮಾಡಲು ಕೊಡುವ ಹ್ಯಾಲೊಪೆರಿಡಾಲ್ ಬೇಡ. ಪಾರ್ಕಿನ್ಸನ್‌ನಲ್ಲಿ ಕಮ್ಮಿಯಾಗಿರುವುದು ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ. ಇವು ಅದರ ಕೆಲಸವನ್ನೇ ತಡೆಯುತ್ತವೆ, ಪಾರ್ಕಿನ್ಸನ್ ಒಂದೇ ದಿನದಲ್ಲಿ ಕೆಡುತ್ತದೆ. ವಾಂತಿಗೆ ಆಂಡ್ಯಾನ್‌ಸೆಟ್ರಾನ್ ಸಾಮಾನ್ಯವಾಗಿ ಆಗುತ್ತದೆ. ಆದರೆ ಪಾರ್ಕಿನ್ಸನ್‌ಗೇ ಕೊಡುವ ಅಪೊಮಾರ್ಫಿನ್ ಇಂಜೆಕ್ಷನ್ ಅಥವಾ ಪಂಪ್ ಬಳಸುವವರಿಗೆ ಅದೂ ಆಗದು.

ಪಾರ್ಕಿನ್ಸನ್‌ಗೆ ರಸಾಜಿಲಿನ್ ಅಥವಾ ಸೆಲಿಜಿಲಿನ್ ಮಾತ್ರೆಯನ್ನೂ ನುಂಗುತ್ತಿದ್ದರೆ ಇನ್ನೊಂದು ಸಾಲು ಸೇರಿಸಿ: ನೋವಿಗೆ ಪೆಥಿಡಿನ್ ಬೇಡ, ಟ್ರಮಡಾಲ್ ಕೊಡುವ ಮುನ್ನ ನರರೋಗದ ಡಾಕ್ಟರನ್ನು ಕೇಳಬೇಕು. ಮೂಳೆ ವಾರ್ಡಿನಲ್ಲಿ ಟ್ರಮಡಾಲ್ ನೋವಿಗೆ ಮಾಮೂಲಾಗಿ ಬಳಸುವ ಔಷಧ. ಅದಕ್ಕೇ ಈ ಎಚ್ಚರ.

## ಹಂತ 4: ಆಪರೇಷನ್‌ಗೆ ಮೊದಲೇ ಮನೆ ಸರಿ ಮಾಡಿ

ಡಿಸ್ಚಾರ್ಜ್ ಆದ ದಿನ ಕಮೋಡ್ ಅಂಗಡಿ ಹುಡುಕುವವರೇ ಜಾಸ್ತಿ. ಮೊದಲೇ ಮಾಡಿ.

ಟೇಪು ತೆಗೆದುಕೊಳ್ಳಿ. ಅವರನ್ನು ಚಪ್ಪಲಿ ಹಾಕಿಸಿ ನಿಲ್ಲಿಸಿ, ಮಂಡಿಯ ಹಿಂದಿನ ಮಡಿಕೆಯಿಂದ ನೆಲದವರೆಗೆ ಅಳೆಯಿರಿ. ಕೂರುವ ಜಾಗ ಅದಕ್ಕಿಂತ 2 ಇಂಚು ಎತ್ತರ ಇರಬೇಕು. ಅಮ್ಮನಿಗೆ 17 ಇಂಚು ಬಂತು, ಬೇಕಾದ್ದು 19. ಮನೆಯ ಕಮೋಡ್ ಅಳೆದರೆ 15. ನಾಲ್ಕಿಂಚಿನ ರೈಸರ್ ತಂದು ಕೂರಿಸಿದೆವು, ಎರಡೂ ಕಡೆ ಹಿಡಿಕೆ ಇರುವುದು. ಮಂಚದ ಕಾಲಿಗೆ ಮರದ ತುಂಡು ಇಟ್ಟು ಎತ್ತರಿಸಿದೆವು. ಅಳೆಯುವಾಗ ಹಾಸಿಗೆಯ ಮೇಲೆ ಯಾರಾದರೂ ಕೂತಿರಲಿ, ಹತ್ತಿ ಹಾಸಿಗೆ ಎರಡಿಂಚು ತಗ್ಗುತ್ತದೆ.

ಬೇಕಾದ ಸಾಮಾನು: ಕೈಯಿರುವ ಗಟ್ಟಿ ಕುರ್ಚಿ, ಕಮೋಡ್ ರೈಸರ್, ಬಚ್ಚಲಲ್ಲಿ ಕೂರಲು ಎತ್ತರದ ಸ್ಟೂಲ್, ಗೋಡೆಗೆ ಹಿಡಿಕೆ, ಉದ್ದ ಹಿಡಿಯ ಶೂ ಹಾರ್ನ್, ಕಾಲ ನಡುವೆ ಇಡಲು ದಪ್ಪ ದಿಂಬು, ಹಿಂದೆ ಪಟ್ಟಿ ಇರುವ ಚಪ್ಪಲಿ. ವಾಕರ್ ವಿಷಯದಲ್ಲಿ ಎಚ್ಚರ. ಎತ್ತಿ ಎತ್ತಿ ಇಡುವ ನಾಲ್ಕು ಕಾಲಿನ ವಾಕರ್‌ನಲ್ಲಿ ಪಾರ್ಕಿನ್ಸನ್ ಇರುವವರ ನಡಿಗೆಯ ಲಯ ಒಡೆದು, ಹೆಜ್ಜೆ ಎತ್ತಲಾಗದೆ ಕಾಲು ನೆಲಕ್ಕೆ ಅಂಟಿದಂತಾಗಬಹುದು. ನಾಲ್ಕು ಚಕ್ರದ್ದು ಅವರಿಗಿಂತ ಮುಂದೆ ಓಡುತ್ತದೆ. ಮುಂದೆ ಎರಡೇ ಚಕ್ರ ಇರುವುದನ್ನು ಫಿಸಿಯೊ ಎದುರಿಗೆ ಪರೀಕ್ಷಿಸಿ ತನ್ನಿ.

ಕಾಲೊರಸು, ಚಾಪೆ, ನೆಲದ ಮೇಲಿನ ವೈರು ತೆಗೆಯಿರಿ. ಹೊಸ್ತಿಲಿಗೆ ಬಣ್ಣದ ಟೇಪ್ ಅಂಟಿಸಿ. ಬಾಗಿಲ ಸಂದಿಯಲ್ಲೇ ಕಾಲು ಅಂಟುವುದು ಜಾಸ್ತಿ.

ಇನ್ನೊಂದು ಮಾತು, ಹಲ್ಲು ಮತ್ತು ಮೂತ್ರ. ಹುಳುಕು ಹಲ್ಲಿನಲ್ಲಿ ಕೀವು, ಮೂತ್ರದಲ್ಲಿ ಉರಿ, ಕಾಲಿನ ಗಾಯ ಏನೇ ಇದ್ದರೂ ಹೇಳಿ ಮೊದಲೇ ವಾಸಿ ಮಾಡಿಸಿ.

## ಹಂತ 5: ಹಿಂದಿನ ರಾತ್ರಿ ಮತ್ತು ಆ ಬೆಳಿಗ್ಗೆ

"ರಾತ್ರಿ 12ರಿಂದ ಏನೂ ಕೊಡಬೇಡಿ" ಎಂದು ವಾರ್ಡ್ ಬಾಯ್ ಹೇಳಿ ಹೋಗುತ್ತಾನೆ. ಪಾರ್ಕಿನ್ಸನ್ ಮಾತ್ರೆಯನ್ನೂ ನಿಲ್ಲಿಸಬೇಕು ಎಂದು ನಾವು ತಿಳಿಯುತ್ತೇವೆ. ತಪ್ಪಾಗುವುದು ಇಲ್ಲೇ. ಬೆಳಗಿನ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಕೊಡಬಹುದೇ ಎಂದು ಅನಸ್ತೇಶಿಯಾ ಡಾಕ್ಟರನ್ನೇ ಕೇಳಿ. ಸಾಮಾನ್ಯವಾಗಿ ತಿಳಿನೀರಿಗೆ 2 ಗಂಟೆ ಮೊದಲಿನವರೆಗೆ ಅಡ್ಡಿ ಇರುವುದಿಲ್ಲ, ಹೌದು ಎನ್ನುತ್ತಾರೆ. ಫೈಲಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಶಿಫ್ಟ್ ಬದಲಾದರೆ ಹೋಯಿತು.

ಪಟ್ಟಿಯಲ್ಲಿ ಮೊದಲ ಕೇಸ್ ಆಗಿ ಹಾಕಿಸಿ. ಮೂರನೆಯ ಕೇಸ್ ಎಂದರೆ ಮಧ್ಯಾಹ್ನ ಎರಡಾದರೂ ಆಗಬಹುದು, ಅಷ್ಟರಲ್ಲಿ ಎರಡು ಡೋಸ್ ತಪ್ಪಿರುತ್ತದೆ.

ಹೊರಗೆ ಕಾಯುವಾಗ ಸುಮ್ನೆ ಕೂರಬೇಡಿ. ರಿಕವರಿ ರೂಮಿಗೆ ಬಂದ ಕೂಡಲೇ ಮುಂದಿನ ಡೋಸ್ ಯಾವಾಗ ಎಂದು ಕೇಳಿ. ನುಂಗಲಾಗದಿದ್ದರೆ ಮೂಗಿನ ನಳಿಕೆಯಲ್ಲಿ ಮಾಮೂಲು ಮಾತ್ರೆ ಕರಗಿಸಿ ಕೊಡುವ ದಾರಿ ಇದೆ, ಚರ್ಮಕ್ಕೆ ಅಂಟಿಸುವ ಪಟ್ಟಿಯೂ ಇದೆ.

## ಹಂತ 6: ವಾರ್ಡಿನ ಮೊದಲ ಮೂರು ದಿನ

ಆಪರೇಷನ್ ಆದ ರಾತ್ರಿ ಅಮ್ಮನಿಗೆ ವಾಂತಿ ಬಂತು. ಚೀಟಿ ಮಂಚದ ತಲೆಗೆ ಅಂಟಿತ್ತು, ಆದರೆ ನಾನು ಕ್ಯಾಂಟೀನಿಗೆ ಹೋಗಿದ್ದೆ. ಬರುವಷ್ಟರಲ್ಲಿ ಕೆಂಪು ಪೆನ್ನಿನ ಸಾಲಿನಲ್ಲಿದ್ದ ಇಂಜೆಕ್ಷನ್ನೇ ಆಗಿಹೋಗಿತ್ತು. ಬೆಳಗಾಗುವಷ್ಟರಲ್ಲಿ ಬಾಯಿ ತೆರೆಯಲೂ ಕಷ್ಟ. ಸರಿಯಾಗಲು ಎರಡು ದಿನ ಹಿಡಿಯಿತು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು: ಮೊದಲ ಮೂರು ರಾತ್ರಿ ಒಬ್ಬರು ಮಂಚದ ಪಕ್ಕ ಇರಲೇಬೇಕು. ಆ ಒಬ್ಬರಿಗೆ ಚೀಟಿ ಬಾಯಿಪಾಠ ಇರಬೇಕು.

ಗೊಂದಲ ಬರುವುದು ಸಾಮಾನ್ಯ. ರಾತ್ರಿ ಯಾರನ್ನೋ ಕರೆಯುತ್ತಾರೆ, ಡ್ರಿಪ್ ಕೀಳುತ್ತಾರೆ. ಕನ್ನಡಕ ಹಾಕಿ, ಕಿವಿಯ ಮೆಷಿನ್ ಹಾಕಿ, ಹಗಲು ಕಿಟಕಿ ತೆರೆಯಿರಿ, ಇವತ್ತು ಯಾವ ವಾರ ಎಂದು ಹೇಳುತ್ತಿರಿ. ಮೂತ್ರ ಕಟ್ಟಿದೆಯೇ, ಮಲ ಕಟ್ಟಿದೆಯೇ, ಜ್ವರ ಇದೆಯೇ, ನೋವಿದೆಯೇ ನೋಡಲು ಹೇಳಿ. ಬಹಳ ಸಲ ಗೊಂದಲದ ಮೂಲ ಅಲ್ಲಿರುತ್ತದೆ.

ಊಟದ ಹೊತ್ತಿಗೆ ಬೆನ್ನು ನೇರ ಇರಲಿ, ಸೊಂಟದ ಮಡಿಕೆ ಮಾತ್ರ ಹೇಳಿದ ಮಿತಿಯೊಳಗೆ. ಸಣ್ಣ ತುತ್ತು. ಊಟ ಆದ ಮೇಲೂ ಅರ್ಧ ಗಂಟೆ ಮಲಗಿಸಬೇಡಿ. ಹಿಮ್ಮಡಿ ಹಾಸಿಗೆಗೆ ಒತ್ತದಂತೆ ಮೀನಖಂಡದ ಕೆಳಗೆ ದಿಂಬು ಕೊಡಿ, ದಿನಕ್ಕೆರಡು ಸಲ ಹಿಮ್ಮಡಿ ನೋಡಿ. ಕೆಂಪಾಗಿದ್ದು ಒತ್ತಿದರೂ ಬಿಳಿಯಾಗದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಅರ್ಥ.

ಈಗ ಯಾರೂ ಹೇಳದ ಒಂದು ವಿಷಯ. ಆಪರೇಷನ್ ಆದವರಿಗೆ ರಕ್ತ ಕಮ್ಮಿ ಎಂದು ಐರನ್ ಮಾತ್ರೆ, ಶಕ್ತಿಗೆಂದು ಪ್ರೋಟೀನ್ ಪೌಡರ್ ಶುರು ಮಾಡುತ್ತಾರೆ. ಎರಡೂ ಬೇಕಾದವೇ. ಆದರೆ ಲೆವೊಡೋಪಾ ಜೊತೆ ಕೊಟ್ಟರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ. ಐರನ್‌ಗೂ ಅದಕ್ಕೂ ಕನಿಷ್ಠ 2 ಗಂಟೆ ಅಂತರ ಇರಲಿ. ಲೆವೊಡೋಪಾ ಕೊಟ್ಟು ಅರ್ಧ ಗಂಟೆ ಆದ ಮೇಲೆ ಊಟ. ಹಾಲು, ಮೊಟ್ಟೆ, ಪೌಡರ್ ಅದರ ಆಚೆಗೆ.

## ಹಂತ 7: ಎಬ್ಬಿಸುವುದು, ನಡೆಸುವುದು

ಫಿಸಿಯೊ ಹೊತ್ತನ್ನು ಮಾತ್ರೆಗೆ ಹೊಂದಿಸಿ, ಮಾತ್ರೆಯನ್ನು ಫಿಸಿಯೊ ಹೊತ್ತಿಗಲ್ಲ. ಲೆವೊಡೋಪಾ ಕೊಟ್ಟು ಮುಕ್ಕಾಲು ಗಂಟೆಯಿಂದ ಒಂದು ಗಂಟೆಗೆ ಮೈ ಸಡಿಲವಾಗುತ್ತದೆ. ಆಗ ಬನ್ನಿ ಎಂದು ಕೇಳಿಕೊಳ್ಳಿ. ಅದೇ ಅಮ್ಮ, ಅದೇ ಕಾಲು, ಆದರೆ 10ರ ಮಾತ್ರೆ ಹೊತ್ತಿಗೆ ಸರಿಯಾಗಿ ಬಿದ್ದ ಮೇಲಿನ 11ಕ್ಕೂ, ಬೆಳಗಿನ ಮಾತ್ರೆ ಇಳಿದ 9ಕ್ಕೂ ಅಜಗಜಾಂತರ.

ಹಿಂದಿನಿಂದ ಕೊಯ್ದ ಆಪರೇಷನ್ ಆಗಿದ್ದರೆ ಪಥ್ಯ ಮೂರು. ಸೊಂಟ 90 ಡಿಗ್ರಿಗಿಂತ ಮಡಿಸಬಾರದು. ಕಾಲ ಮೇಲೆ ಕಾಲು ಹಾಕಬಾರದು. ಪಾದ ಒಳಕ್ಕೆ ತಿರುಗಬಾರದು. ಹೀಗೆ ಹೇಳಿದರೆ ಸುಲಭ ಅನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಇದರ ಅರ್ಥ: ಚಕ್ಕಳಮಕ್ಕಳ ಇಲ್ಲ, ಇಂಡಿಯನ್ ಟಾಯ್ಲೆಟ್ ಇಲ್ಲ, ಮಣೆ ಇಲ್ಲ, ಬಿದ್ದ ಕರವಸ್ತ್ರ ಬಗ್ಗಿ ಎತ್ತುವುದಿಲ್ಲ, ಹಿರಿಯರ ಕಾಲಿಗೆ ನಮಸ್ಕಾರವೂ ಇಲ್ಲ.

ಎಬ್ಬಿಸುವ ಕ್ರಮ ಹೀಗೆ. ಕುರ್ಚಿಯ ಅಂಚಿಗೆ ಸರಿಯಲಿ. ಆಪರೇಷನ್ ಆದ ಕಾಲು ಸ್ವಲ್ಪ ಮುಂದಕ್ಕೆ ಚಾಚಿರಲಿ, ಇನ್ನೊಂದು ಕಾಲು ಕುರ್ಚಿಗೆ ಹತ್ತಿರ. ಎರಡೂ ಕೈ ಕುರ್ಚಿಯ ಕೈಗಳ ಮೇಲೆ, ವಾಕರ್ ಮೇಲೆ ಅಲ್ಲ. ಒಂದು, ಎರಡು, ಮೂರು ಎಂದು ಎಣಿಸಿ ಕೈಯಿಂದ ಒತ್ತಿ ಏಳಲಿ. ನೀವು ಕಂಕುಳಿಗೆ ಕೈ ಹಾಕಿ ಎಳೆಯಬೇಡಿ. ಎದ್ದ ಮೇಲೆ ಒಂದು ನಿಮಿಷ ಹಾಗೇ ನಿಲ್ಲಲಿ. ಪಾರ್ಕಿನ್ಸನ್‌ನಲ್ಲಿ ನಿಂತ ಕೂಡಲೇ ಬಿಪಿ ಇಳಿಯುವುದುಂಟು. ಕಣ್ಣು ಕತ್ತಲೆ ಎಂದರೆ ಕೂರಿಸಿ.

ಕಾಲು ಅಂಟಿಕೊಂಡರೆ "ನಡಿ ನಡಿ" ಎಂದು ಅವಸರ ಮಾಡಬೇಡಿ, ವಾಕರ್ ಎಳೆಯಬೇಡಿ. ನಿಲ್ಲಿಸಿ. ಮೈ ಆಚೀಚೆ ಸ್ವಲ್ಪ ತೂಗಲಿ. ಮುಂದಿನ ಟೇಪಿನ ಗೆರೆ ತೋರಿಸಿ, ದಾಟಲು ಹೇಳಿ. ಎಣಿಕೆ ಹೇಳಿದರೂ ಆಗುತ್ತದೆ. ಅಮ್ಮನಿಗೆ ಮಗ್ಗಿ ಕೆಲಸ ಮಾಡಿತು. ಎರಡೊಂದ್ಲ ಎರಡು ಅಂದರೆ ಕಾಲು ಎತ್ತುತ್ತಿದ್ದಳು.

ತಿರುಗುವಾಗ ಕಾಲು ನೆಲದಲ್ಲೇ ಇಟ್ಟು ಮೈ ತಿರುಗಿಸುವುದು ಬಲು ಕೆಟ್ಟ ಅಭ್ಯಾಸ. ಕೀಲು ತಿರುಚುವುದೂ ಬೀಳುವುದೂ ಅಲ್ಲೇ. ಬಸ್ಸು ತಿರುಗಿದ ಹಾಗೆ ದೊಡ್ಡ ಸುತ್ತು ಹಾಕಿಸಿ, ಸಣ್ಣ ಸಣ್ಣ ಹೆಜ್ಜೆ.

ಕಾರಿನಲ್ಲಿ ಮುಂದಿನ ಸೀಟು, ಹಿಂದಕ್ಕೆ ಸರಿಸಿ, ಮೇಲೆ ಗಟ್ಟಿ ದಿಂಬು. ಆಟೋ ಬೇಡ.

ಮನೆಗೆ ಬರುವ ಫಿಸಿಯೊ ಶಾಖದ ಮೆಷಿನ್ ತಂದರೆ ಕೇಳಿ. ಡಿಬಿಎಸ್ ಇದ್ದವರಿಗೆ ಶಾರ್ಟ್‌ವೇವ್ ಡಯಾಥರ್ಮಿ ಮೈಯ ಯಾವ ಭಾಗಕ್ಕೂ ಕೊಡಲೇಬಾರದು, ಜೀವಕ್ಕೇ ಅಪಾಯ. ಲೋಹದ ಕೀಲಿನ ಮೇಲೂ ಅದು ಬೇಡ.

ಪಥ್ಯ ಸಾಮಾನ್ಯವಾಗಿ 6ರಿಂದ 12 ವಾರ. ಪಾರ್ಕಿನ್ಸನ್ ಇದ್ದವರಿಗೆ ಇನ್ನೂ ಜಾಸ್ತಿ ದಿನ ಹೇಳುವವರೂ ಇದ್ದಾರೆ. ರಕ್ತ ತೆಳುವಾಗಿಸುವ ಇಂಜೆಕ್ಷನ್ ಅಥವಾ ಮಾತ್ರೆ ಸುಮಾರು ಐದು ವಾರದವರೆಗೂ ಇರಬಹುದು, ಮಧ್ಯೆ ಬಿಡಬೇಡಿ. ಬಿದ್ದು ಮೂಳೆ ಮುರಿದವರಿಗೆ ಮೂಳೆ ಗಟ್ಟಿಯಾಗುವ ಔಷಧ ಶುರು ಮಾಡಿದ್ದೀರಾ ಎಂದು ಕೇಳಿ, ಇಲ್ಲದಿದ್ದರೆ ಇನ್ನೊಂದು ಸೊಂಟವೂ ಸಾಲಿನಲ್ಲಿದೆ.

## ಹಂತ 8: ಪಾರ್ಕಿನ್ಸನ್ ಅಲ್ಲ, ಬೇರೆ ಇದ್ದರೆ

ಪೋಲಿಯೊ. ಇಲ್ಲಿ ಸ್ನಾಯು ಬಿಗಿಯಲ್ಲ, ಸಡಿಲ. ಕೀಲನ್ನು ಹಿಡಿದಿಡುವ ಶಕ್ತಿಯೇ ಕಮ್ಮಿ, ಅದಕ್ಕೇ ಜಾರುತ್ತದೆ. ಗಿಡ್ಡ ಕಾಲನ್ನು ಈ ನೆಪದಲ್ಲಿ ಸರಿಸಮ ಮಾಡಿ ಎಂದು ಒತ್ತಾಯಿಸಬೇಡಿ. ಐವತ್ತು ವರ್ಷ ಆ ವ್ಯತ್ಯಾಸದಲ್ಲೇ ನಡೆದವರಿಗೆ ಅದೇ ಸಮತೋಲನ. ಅನಸ್ತೇಶಿಯಾ ಡಾಕ್ಟರಿಗೆ ಪೋಲಿಯೊ ವಿಷಯ ಹೇಳಲೇಬೇಕು, ಸ್ನಾಯು ಸಡಿಲಿಸುವ ಔಷಧ ಇವರಿಗೆ ಜಾಸ್ತಿ ತಾಗುತ್ತದೆ.

ಪಾರ್ಶ್ವವಾಯು. ತುರ್ತಲ್ಲದ ಆಪರೇಷನ್ ಆದರೆ ಅವಸರ ಬೇಡ. ಹೊಸದಾಗಿ ಹೊಡೆದ ಮೇಲೆ ಮತ್ತೆ ಹೊಡೆಯುವ ಅಪಾಯ ತಿಂಗಳುಗಟ್ಟಲೆ ಇರುತ್ತದೆ, ಸುಮಾರು 9 ತಿಂಗಳ ಹೊತ್ತಿಗೆ ಇಳಿದು ಒಂದು ಮಟ್ಟಕ್ಕೆ ನಿಲ್ಲುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಯಾವುದನ್ನು ಯಾವಾಗ ನಿಲ್ಲಿಸಬೇಕು ಎಂದು ಬರಹದಲ್ಲಿ ಪಡೆಯಿರಿ. ಮತ್ತೆ ಯಾವಾಗ ಶುರು ಎಂಬುದನ್ನೂ ಬರೆಸಿ, ಅದನ್ನೇ ಎಲ್ಲರೂ ಮರೆಯುವುದು.

ಮಯಸ್ತೇನಿಯಾ ಗ್ರೇವಿಸ್. ಇದಕ್ಕೆ ಕೊಡುವ ಪಿರಿಡೊಸ್ಟಿಗ್ಮಿನ್ ಮಾತ್ರೆಯ ಹೊತ್ತು ಲೆವೊಡೋಪಾದಷ್ಟೇ ಮುಖ್ಯ. ಕೆಂಪು ಸಾಲಿನಲ್ಲಿ ಜೆಂಟಾಮೈಸಿನ್, ಸಿಪ್ರೊಫ್ಲೊಕ್ಸಸಿನ್ ಜಾತಿಯ ಆಂಟಿಬಯೋಟಿಕ್, ಮೆಗ್ನೀಸಿಯಂ ಇಂಜೆಕ್ಷನ್ ಬರೆಯಿರಿ. ಕೀಲನ್ನು ಮೂಳೆಗೆ ಕೂರಿಸುವ ಸಿಮೆಂಟಿನಲ್ಲೂ ಜೆಂಟಾಮೈಸಿನ್ ಬೆರೆಸಿರುವುದುಂಟು, ಸರ್ಜನ್‌ಗೆ ನೆನಪಿಸಿ. ಉಸಿರು ಸಣ್ಣದಾದರೆ, ಮಾತು ಮೂಗಿನಿಂದ ಬರತೊಡಗಿದರೆ ಕಾಯಬೇಡಿ.

## ಕೂಡಲೇ ಓಡಬೇಕಾದ ಲಕ್ಷಣ

ತಟ್ಟನೆ ಭಾರೀ ನೋವು, ಕಾಲು ಗಿಡ್ಡವಾದಂತೆ ಕಾಣುವುದು, ಪಾದ ಒಂದು ಕಡೆಗೆ ತಿರುಗಿ ನಿಲ್ಲುವುದು: ಕೀಲು ಜಾರಿದೆ. ಎಳೆಯಬೇಡಿ, ಎಣ್ಣೆ ತಿಕ್ಕಬೇಡಿ, ನಾಟಿ ಕಟ್ಟು ಹಾಕುವವರನ್ನು ಕರೆಸಬೇಡಿ. ಇದ್ದ ಹಾಗೇ ಮಲಗಿಸಿ 108ಕ್ಕೆ ಫೋನ್ ಮಾಡಿ. ಏನೂ ತಿನ್ನಿಸಬೇಡಿ, ಕೀಲು ಕೂರಿಸಲು ಅರಿವಳಿಕೆ ಬೇಕಾಗಬಹುದು.

ಒಂದೇ ಮೀನಖಂಡ ಊದಿ ನೋಯುವುದು, ಏಕಾಏಕಿ ಉಸಿರುಗಟ್ಟುವುದು, ಎದೆನೋವು: ರಕ್ತ ಹೆಪ್ಪುಗಟ್ಟಿರಬಹುದು. ಗಾಯದಿಂದ ಒಂದು ವಾರ ಆದ ಮೇಲೂ ನೀರು ಒಸರುವುದು, ಕೆಂಪು ಹರಡುವುದು, ಚಳಿಜ್ವರ: ಸೋಂಕು. ಮನೆಯಲ್ಲೇ ಆಂಟಿಬಯೋಟಿಕ್ ಶುರು ಮಾಡಬೇಡಿ, ಸರ್ಜನ್‌ಗೆ ತೋರಿಸಿ.

ಮೈ ಕಬ್ಬಿಣದಂತೆ ಬಿಗಿದು, ಜ್ವರ ವಿಪರೀತ ಏರಿ, ಬೆವರಿ, ಮಂಕಾದರೆ ಅದು ಪಾರ್ಕಿನ್ಸನ್ ಮಾತ್ರೆ ತಪ್ಪಿದಾಗ ಬರುವ ಜೀವಭಯದ ಸ್ಥಿತಿ ಇರಬಹುದು. ಬರೀ ಜ್ವರದ ಮಾತ್ರೆ ಕೊಟ್ಟು ಮಲಗಿಸಬೇಡಿ. ಕ್ಯಾಶುಯಲ್ಟಿಯಲ್ಲಿ ನಿಮ್ಮ ಮೊದಲ ವಾಕ್ಯ "ಪಾರ್ಕಿನ್ಸನ್ ಇದೆ, ಇಷ್ಟು ಡೋಸ್ ತಪ್ಪಿದೆ" ಎಂದಿರಲಿ.

ಆ ಹೊತ್ತಿನಲ್ಲಿ ಫೈಲು ಹುಡುಕಲು ಆಗುವುದಿಲ್ಲ. ಮಾತ್ರೆ ಚೀಟಿಯ ಒಂದು ಜೆರಾಕ್ಸ್, ಡಿಸ್ಚಾರ್ಜ್ ಹಾಳೆ, ಕೀಲಿನ ಕಂಪನಿಯ ಸ್ಟಿಕರ್ ಇರುವ ಪುಟ, ಒಂದು ದಿನದ ಮಾತ್ರೆ ಇಷ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮುಂಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ. ನಮ್ಮ ಮನೆಯಲ್ಲಿ ಅದು ಕೊಡೆಯ ಪಕ್ಕದಲ್ಲಿದೆ.